ಎಮೆರಿಗೆ ಇಟ್ಟ ಎಡೆ

ಟೊರೊಂಟೋದ ಥಾರ್ನ್‌ಕ್ಲಿಫ್ ಪಾರ್ಕಿನ ಆ ಕಟ್ಟಡದ ಲಿಫ್ಟಿಗೆ ಒಂದು ಚಾಳಿ ಇತ್ತು. ಬಾಗಿಲು ತೆರೆದು ನಿಂತಿರುವಾಗಲೇ ಅದು ಸದ್ದಿಲ್ಲದೆ ಒಂದು ಬೆರಳಿನಷ್ಟು ಕೆಳಕ್ಕೆ ಸರಿಯುತ್ತಿತ್ತು. ನೋಡುವವರಿಗೆ ತಿಳಿಯುತ್ತಿರಲಿಲ್ಲ, ಒಳಗೆ ಕಾಲಿಟ್ಟವರಿಗೆ ಮಾತ್ರ ಗೊತ್ತಾಗುತ್ತಿತ್ತು. ಯಾರೋ ಕೆಳಗೆ ನಿಂತು ನೆಲವನ್ನು ಮೆಲ್ಲಗೆ ಎಳೆದ ಹಾಗೆ.

ಒಂಬತ್ತನೆಯ ಮಹಡಿಯ ಲೀಲಮ್ಮನವರಿಗೆ ಮಂಡಿ ನೋವು. ಮೆಟ್ಟಿಲು ಹತ್ತಿ ಇಳಿಯಲಾರರು. ಅವರು ಲಿಫ್ಟಿನ ಬಾಗಿಲು ತೆರೆದ ಕೂಡಲೇ ಒಳಗೆ ಹೋಗುತ್ತಿರಲಿಲ್ಲ. ಹೊರಗೇ ನಿಂತು, "ಬರ್ಲಾ?" ಎಂದು ಕೇಳಿ, ಉತ್ತರಕ್ಕೆ ಕಾಯುವವರಂತೆ ಸ್ವಲ್ಪ ತಡೆದು ಆಮೇಲೆ ಕಾಲಿಡುತ್ತಿದ್ದರು.

"ಯಾರ್ನ ಕೇಳ್ತೀರಿ ಅಮ್ಮಾರ?" ಎಂದು ನಾನೊಮ್ಮೆ ನಕ್ಕು ಕೇಳಿದೆ.

"ಒಳಗಿರೋರ್ನ ಕಣಪ್ಪ," ಎಂದರು. ಒಳಗೆ ಯಾರೂ ಇರಲಿಲ್ಲ.

ನಾನು ಇಲ್ಲಿ ಬರೆಯುತ್ತಿರುವುದು ಲೀಲಮ್ಮನವರ ಗಂಡ ಸದಾಶಿವ ಅವರ ಕಥೆ. ನಂಜನಗೂಡಿನ ಹತ್ತಿರದ ಹಳ್ಳಿಯವರು. ಐಟಿಐ ಓದಿ ಮೈಸೂರಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವರು, ತೊಂಬತ್ತರ ದಶಕದಲ್ಲಿ ಭಾವಮೈದುನನ ಬೆನ್ನು ಹತ್ತಿ ಟೊರೊಂಟೋಕ್ಕೆ ಬಂದರು. ಆ ಊರಿನ ಸ್ಕಾರ್‌ಬರೋದಲ್ಲಿ ಹಳೆಯ ಕಟ್ಟಡಗಳ ಲಿಫ್ಟುಗಳನ್ನು ಹೊಸದು ಮಾಡುವ ಒಂದು ಸಣ್ಣ ಕಂಪನಿ ಇದೆ. ಅಲ್ಲಿ ಮೊದಲು ಗೋದಾಮಿನಲ್ಲಿದ್ದು, ಆಮೇಲೆ ಬಿಡಿಭಾಗ ಕೊಳ್ಳುವ ಕೆಲಸಕ್ಕೆ ಬಂದರು. ಯಾವ ಭಾಗವನ್ನು ಯಾರಿಂದ ಕೊಳ್ಳಬೇಕು ಎಂದು ಹೇಳುವುದೇ ಅವರ ಉದ್ಯೋಗ. "ಲಿಫ್ಟು ಮೇಲಕ್ಕೆ ಹೋಗೋದನ್ನ ಮೋಟಾರು ನೋಡ್ಕತದೆ. ನಿಲ್ಲೋದನ್ನ ನಾವು ನೋಡ್ಕೋಬೇಕು," ಎನ್ನುತ್ತಿದ್ದರು.

೨೦೧೭ರ ಬೇಸಿಗೆಯಲ್ಲಿ ನಾನು ಅದೇ ಕಂಪನಿಗೆ ಅವರ ಕೈಕೆಳಗೆ ಸೇರಿದೆ. ನನ್ನ ಹೆಸರು ದಾನಪ್ಪ, ಬಾಗಲಕೋಟೆ ಕಡೆಯವನು. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು. ಪುಸ್ತಕದಲ್ಲಿ ಏನು ಬರೆದಿದೆಯೋ ಅದನ್ನು ಒಂದೂ ಬಿಡದೆ ಮಾಡಿದರೆ ತಪ್ಪಾಗುವುದಿಲ್ಲ ಎಂದು ನಂಬಿ ಓದಿದವನು. ಇಲ್ಲಿನ ಕಾಲೇಜಿನಲ್ಲಿ ಸಪ್ಲೈ ಚೈನ್ ಓದುವಾಗ ಪೂರೈಕೆದಾರರನ್ನು ಆರಿಸುವ ಒಂದು ವಿಧಾನ ಕಲಿತಿದ್ದೆ. ಬೇಕಾದ ಗುಣಗಳನ್ನು ಎರಡೆರಡಾಗಿ ಎದುರುಬದುರು ಇಟ್ಟು, ಯಾವುದು ಹೆಚ್ಚು, ಎಷ್ಟು ಪಾಲು ಹೆಚ್ಚು ಎಂದು ಕೇಳುತ್ತಾ ಹೋಗಬೇಕು. ಹಾಗೆಯೇ ಪ್ರತಿಯೊಂದು ಗುಣದಲ್ಲೂ ಕಂಪನಿಗಳನ್ನು ಎರಡೆರಡಾಗಿ ತೂಗಬೇಕು. ಕೊನೆಗೆ ಎಲ್ಲ ತೂಕಗಳೂ ಸೇರಿ ಒಬ್ಬರನ್ನು ಮೇಲಕ್ಕೆ ತರುತ್ತವೆ.

ಆ ವರ್ಷ ನಾವು ಆರಿಸಬೇಕಾಗಿದ್ದದ್ದು ಲಿಫ್ಟಿನ ಬ್ರೇಕಿಗೆ ಬೇಕಾದ ಲೈನಿಂಗು ಮಾಡುವವರನ್ನು. ಲೈನಿಂಗು ಅಂದರೆ ಬ್ರೇಕಿನೊಳಗೆ ಅಂಟಿಸುವ ಒರಟು ಪಟ್ಟಿ. ಅದು ಸವೆದರೆ ಹಿಡಿತ ತಪ್ಪಿ ಲಿಫ್ಟು ನಿಂತಲ್ಲೇ ಜಾರುತ್ತದೆ. ಬ್ರೇಕು ಬದಲಾಯಿಸಬೇಕಾದ ಕಟ್ಟಡಗಳಲ್ಲಿ ಸದಾಶಿವ ಅವರು ವಾಸವಿದ್ದ ಕಟ್ಟಡವೂ ಒಂದು. ಅಲ್ಲಿ ಎರಡು ಲಿಫ್ಟುಗಳಲ್ಲಿ ಒಂದು ಆಗಲೇ ನಿಂತುಹೋಗಿತ್ತು.

ನಾನು ಲ್ಯಾಪ್‌ಟಾಪು ತೆರೆದು ಅವರ ಎದುರು ಕೂತೆ.

"ಚಳಿಯೊಳಗ ಹಿಡಿಯೋದು ಮುಖ್ಯಾನೋ, ಹೇಳಿದ ದಿನಕ್ಕ ಮಾಲು ಬರೋದು ಮುಖ್ಯಾನೋ, ಹೇಳ್ರಿ."

"ಎರಡೂ ಮುಖ್ಯ ಕಣಯ್ಯ."

"ಹಂಗ ಹೇಳಂಗಿಲ್ರಿ. ಒಂದ ಹೇಳ್ಬೇಕು."

"ಅವ್ವ ಬೇಕಾ ಅಪ್ಪ ಬೇಕಾ ಅಂದಂಗಾಯ್ತಲ್ಲಯ್ಯ."

"ಹಂಗ ಅನ್ಕೋರಿ. ನನಗ ನಮ್ಮವ್ವ ಬೇಕು. ಈಗ ಎಷ್ಟು ಪಾಲು ಹೆಚ್ಚು ಬೇಕು ಅಂತ ಹೇಳ್ಬೇಕು, ಅಷ್ಟ."

"ಲೇಯ್, ನಿಮ್ಮಪ್ಪಂಗೆ ಈಗ್ಲೇ ಫೋನ್ ಮಾಡ್ತೀನಿ ನೋಡು!"

ನಗುತ್ತಲೇ ಎಲ್ಲಕ್ಕೂ ಉತ್ತರ ಕೊಟ್ಟರು. ಕೋಷ್ಟಕದಲ್ಲಿ ಮೂರು ಸಾಲು ಬರೆಸಿದರು. ಒಂದು ಗ್ವೆಲ್ಫ್ ಊರಿನ ಕಂಪನಿ, ಇನ್ನೊಂದು ಕ್ವಿಬೆಕ್‌ನದು, ಮೂರನೆಯದು ಎಮೆರಿ ಎಂಬ ಒಬ್ಬ ಮನುಷ್ಯನ ಹೆಸರು. ಅವನ ಮಾಲಿನ ಪರೀಕ್ಷೆಯ ಅಂಕಿಗಳು ಹಿಂದಿನ ವರ್ಷಗಳವು. ಚಿಕ್ಕ ವರ್ಕ್‌ಶಾಪು ಇರಬೇಕು ಎಂದುಕೊಂಡು ನಾನು ಹೆಚ್ಚು ಕೇಳಲಿಲ್ಲ. ಲೆಕ್ಕ ಮುಗಿದಾಗ ಕ್ವಿಬೆಕ್‌ನವರು ಕೂದಲೆಳೆಯ ಅಂತರದಲ್ಲಿ ಮೊದಲಿದ್ದರು.

ಆ ಸೆಪ್ಟೆಂಬರಿನ ಮಹಾಲಯ ಅಮಾವಾಸ್ಯೆಗೆ ಸದಾಶಿವ ಅವರು ಮನೆಗೆ ಊಟಕ್ಕೆ ಕರೆದರು. ಅವರ ಕಡೆ ಅದನ್ನು ಹಿರಿಯರ ಹಬ್ಬ ಎನ್ನುತ್ತಾರೆ. ತೀರಿಕೊಂಡವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಲೆಗೆ ಬಡಿಸಿ, ಅದಕ್ಕೆ ಎಡೆ ಎಂದು ಕರೆದು, ಕೋಣೆಯ ಬಾಗಿಲು ಹಾಕಿಕೊಂಡು ಹೊರಗೆ ಕಾಯುತ್ತಾರೆ. ಅವರು ಬಂದು ಉಂಡು ಹೋಗಲಿ ಎಂದು.

ಮಲಗುವ ಕೋಣೆಯಲ್ಲಿ ಎಲೆಗಳಿದ್ದವು. ಅವರ ಅಪ್ಪನಿಗೆ ಮುದ್ದೆ, ಕೋಳಿಸಾರು. ಅವ್ವನಿಗೆ ಕಜ್ಜಾಯ. ಕೊನೆಯ ಎಲೆಯಲ್ಲಿ ಮಾತ್ರ ನನಗೆ ಗುರುತಾಗದ ಒಂದು ತಿನಿಸು ಇತ್ತು. ಎಲೆಕೋಸಿನ ಎಲೆಯೊಳಗೆ ಕೈಮಾ ಸುತ್ತಿ ಕೆಂಪು ಸಾರಿನಲ್ಲಿ ಬೇಯಿಸಿದ್ದು. ಅದರ ಹಿಂದೆ ಒಂದು ಫೋಟೋ. ಬಿಳಿಯ ಮುದುಕರೊಬ್ಬರು ಸದಾಶಿವ ಅವರ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದಾರೆ. ಆ ಕೈಗೆ ತೋರುಬೆರಳು ಇರಲಿಲ್ಲ.

"ಇವರ್ಯಾರ್ರೀ?"

"ಎಮೆರಿ," ಎಂದರು ಸದಾಶಿವ. "ಫೆಬ್ರವರೀಲಿ ಹೋಗ್ಬುಟ್ಟ. ಹಂಗೇರಿಯೋನು. ನಮ್ಮ ಗೋದಾಮಿಗೆ ಲೈನಿಂಗು ಮಾಡಿ ತಂದ್ಕೊಡೋನು. ಹೆಂಡ್ತಿ ಮಕ್ಕಳು ಯಾರೂ ಇಲ್ಲ. ನಾನು ಗೋದಾಮ್ನಾಗಿದ್ದಾಗ ಇಂಗ್ಲಿಷ್ ಬಾರ್ದು ಅಂತ ಎಲ್ರೂ ನಗೋರು, ಇವನೊಬ್ನೇ ಜೊತೇಲಿ ಕೂತು ಉಣ್ಣೋನು. ಅವಂಗೂ ಇಂಗ್ಲಿಷ್ ಸರಿಯಾಗಿ ಬರ್ತಿರ್ಲಿಲ್ಲ ಬುಡು."

ಲೀಲಮ್ಮನವರು ಕೋಣೆಯ ಬಾಗಿಲು ಹಾಕಿದರು. ಮೂವರೂ ನಡುಮನೆಯಲ್ಲಿ ಕಾಯುತ್ತಾ ಕೂತೆವು. ಕಿಟಕಿಯಲ್ಲಿ ಮಧ್ಯಾಹ್ನದ ಬಿಸಿಲು. ಆಗ ಹೊರಗೆ ಓಣಿಯಲ್ಲಿ ಲಿಫ್ಟಿನ ಗಂಟೆ ಕೇಳಿಸಿತು. ಬಾಗಿಲು ತೆರೆದುಕೊಂಡ ಸದ್ದು. ಹೆಜ್ಜೆಯ ಸದ್ದು ಬರಲಿಲ್ಲ. ಬಾಗಿಲು ಮುಚ್ಚಿಕೊಳ್ಳಲೂ ಇಲ್ಲ.

"ಬಂದ್ರು," ಎಂದರು ಲೀಲಮ್ಮ, ಸಾರು ಕುದಿಯಿತು ಎನ್ನುವಷ್ಟು ಸಹಜವಾಗಿ.

ನಾನು ತಡೆಯಲಾರದೆ ಎದ್ದು ಹೋಗಿ ಬಾಗಿಲಿನಿಂದ ಇಣುಕಿದೆ. ಓಣಿ ಖಾಲಿ. ಲಿಫ್ಟು ಬಾಗಿಲು ತೆರೆದುಕೊಂಡು, ನೆಲಕ್ಕಿಂತ ಒಂದು ಗೇಣು ಕೆಳಗೆ ನಿಂತಿತ್ತು, ಯಾರೋ ಭಾರದವರು ಈಗಷ್ಟೇ ಅದರೊಳಗೆ ನಿಂತಿದ್ದ ಹಾಗೆ.

ಮರುವಾರ ಆಫೀಸಿನಲ್ಲಿ ನಾನು ಹೇಳಿದೆ: "ಎಮೆರಿಯವರ ಸಾಲು ತೆಗೀಲೇನ್ರಿ? ಅವರಿಂದ ಮಾಲು ಹೆಂಗೂ ಬರಂಗಿಲ್ಲ."

"ವರ್ಷ ತುಂಬ್ಲಿ."

"ಇದು ಕೋಷ್ಟಕ ಐತ್ರೀ, ಎಲಿ ಅಲ್ಲ."

"ಪಂಕ್ತೀಲಿ ಕೂತವನ್ನ ವರ್ಷ ತುಂಬೋ ಮುಂಚೆ ಎಬ್ಬಿಸ್ತಾರೇನಯ್ಯ? ಇರ್ಲಿ ಬುಡು. ಸತ್ತೋನು ಕೆಳಗಡೆ ಸುಮ್ನೆ ಕೂತಿರ್ತಾನೆ. ನಿನ್ ಲೆಕ್ಕಕ್ಕೇನು ಅಡ್ಡಿ?"

ನನಗೂ ಹಾಗೆಯೇ ಅನ್ನಿಸಿತ್ತು. ಇಲ್ಲದವನು ಇರುವವರಿಗೆ ಅಡ್ಡಿಯಾಗಲಾರ. ಆದರೂ ಒಂದು ಪ್ರತಿ ಮಾಡಿಕೊಂಡು ಅದರಲ್ಲಿ ಎಮೆರಿಯ ಸಾಲು ಅಳಿಸಿದೆ. ಅಂಕಿಗಳು ಒಮ್ಮೆ ಮಿಟುಕಿ ನಿಂತವು. ಗ್ವೆಲ್ಫ್ ಮೊದಲು, ಕ್ವಿಬೆಕ್ ಎರಡನೆಯದು. ಅವರಿಬ್ಬರ ಮಾಹಿತಿಯನ್ನು ನಾನು ಮುಟ್ಟಿಯೇ ಇರಲಿಲ್ಲ. ಸಾಲನ್ನು ಮರಳಿ ತಂದೆ. ಕ್ವಿಬೆಕ್ ಮೇಲೆ ಬಂತು. ಮತ್ತೆ ತೆಗೆದೆ, ಗ್ವೆಲ್ಫ್. ಹೊರಗೆ ಜನ ಓಡಾಡುತ್ತಿದ್ದರು, ಕಾಫಿ ಮಷೀನು ಗುರುಗುಟ್ಟುತ್ತಿತ್ತು. ನನಗೆ ಮಾತ್ರ ಬೆನ್ನ ಹಿಂದೆ ಯಾರೋ ನಿಂತು ಪರದೆ ನೋಡುತ್ತಿದ್ದಾರೆ ಅನ್ನಿಸಿತು.

ಮನೆಗೆ ಹೋಗಿ ಪುಸ್ತಕ ತೆಗೆದೆ. ಅದಕ್ಕೆ ಉತ್ತರ ಅಲ್ಲೇ ಇತ್ತು. ಈ ವಿಧಾನದಲ್ಲಿ ಒಂದೊಂದು ಗುಣಕ್ಕೂ ಒಂದೇ ಇಡಿ ಪಾಲು, ಅದನ್ನು ಪಟ್ಟಿಯಲ್ಲಿ ಕೂತವರೆಲ್ಲರಿಗೂ ಹಂಚಬೇಕು. ಒಬ್ಬನನ್ನು ಪೂರ್ತಿ ಹೋಲುವ ಇನ್ನೊಬ್ಬ ಬಂದು ಕೂತರೆ ಹೆಚ್ಚು ನಷ್ಟವಾಗುವುದು ಆ ಮೊದಲನೆಯವನಿಗೇ. ಆಗ ಪಟ್ಟಿಯ ಕ್ರಮ ತಿರುಗಿಬೀಳಬಹುದು. ಬಹಳ ಕಾಲದಿಂದ ಗೊತ್ತಿರುವ ದೋಷ. ಓದಿದ ಮೇಲೆ ನಿದ್ದೆ ಬಂತು.

ಮರುದಿನ ಸದಾಶಿವ ಅವರಿಗೆ ವಿವರಿಸಿದೆ. ಅವರು ಗಲ್ಲಕ್ಕೆ ಕೈಕೊಟ್ಟು ಕೇಳಿದರು.

"ಅಂದ್ರೆ ಎಮೆರಿ ಸುಮ್ನೆ ಕೂತಿಲ್ಲ. ಉಣ್ತಾವ್ನೆ."

"ಲೆಕ್ಕದ ಪ್ರಕಾರ ಹಂಗ ಅನ್ಬೌದ್ರಿ."

"ಯಾರ ಪಾಲು?"

"ಗ್ವೆಲ್ಫ್‌ನವರದು."

"ಅವರದ್ದೇ ಯಾಕೆ?"

"ಅವರ ಮಾಲು ಎಮೆರಿಯವರ ಮಾಲಿನಂಗ ಐತ್ರಿ." ಹೇಳುತ್ತಾ ಎರಡು ಸಾಲುಗಳನ್ನೂ ಒಂದರ ಕೆಳಗೊಂದು ಇಟ್ಟು ತೋರಿಸಿದೆ. ಆಗಲೇ ನಾನೂ ಸರಿಯಾಗಿ ನೋಡಿದ್ದು. ಚಳಿಯಲ್ಲಿ ಹಿಡಿತ, ಸವೆತ, ಕಾವು, ಎಲ್ಲ ಪರೀಕ್ಷೆಯಲ್ಲೂ ಸತ್ತವನ ಹಳೆಯ ಅಂಕಿಯೂ ಇವರ ಹೊಸ ಅಂಕಿಯೂ ಹೆಚ್ಚುಕಡಿಮೆ ಒಂದೇ. ಬೇರೆ ಬೇರೆ ಕಡೆ ಮಾಡಿದ ಮಾಲು ಅಷ್ಟು ಹೋಲುವುದನ್ನು ನಾನು ಆಮೇಲೂ ಕಂಡಿಲ್ಲ.

ಸದಾಶಿವ ಅವರು ಎರಡೂ ಸಾಲಿನ ಮೇಲೆ ಬೆರಳಾಡಿಸಿ ಎದ್ದುಹೋದರು. ಅವತ್ತು ಊಟದ ಡಬ್ಬಿಯನ್ನೂ ತೆರೆಯಲಿಲ್ಲ.

ನಮ್ಮ ಮ್ಯಾನೇಜರು ಹರ್ಷವರ್ಧನ್ ಬೆಂಗಳೂರಿನವರು. ಅವಸರದ ಮನುಷ್ಯ, ಕೆಟ್ಟವರಲ್ಲ. "ಸದಾಶಿವ್ ಸರ್, ಕ್ವಿಬೆಕ್ ಅಂದ್ರೆ ಕ್ವಿಬೆಕ್, ಗ್ವೆಲ್ಫ್ ಅಂದ್ರೆ ಗ್ವೆಲ್ಫ್. ನಂಗೆ ಒಂದು ಹೆಸ್ರು ಹೇಳ್ಬಿಡಿ ಸಾಕು. ಕಟ್ಟಡದವ್ರು ದಿನಾ ಫೋನ್ ಮಾಡ್ತಿದಾರೆ," ಎಂದು ಬಾಗಿಲಲ್ಲೇ ನಿಂತು ಹೇಳಿ ಹೋಗುತ್ತಿದ್ದರು. ಸದಾಶಿವ ಅವರು "ಆಯ್ತು ಸಾರ್" ಎನ್ನುತ್ತಿದ್ದರು, ಹೆಸರು ಹೇಳುತ್ತಿರಲಿಲ್ಲ.

ಅಕ್ಟೋಬರಿನ ಒಂದು ಬೆಳಿಗ್ಗೆ ಲೀಲಮ್ಮನವರು ತರಕಾರಿ ತರಲು ಕೈಗಾಡಿ ತಳ್ಳಿಕೊಂಡು ಹೊರಟರು. ಕೈಗಾಡಿಯ ಮುಂದಿನ ಗಾಲಿಗಳು ಲಿಫ್ಟಿನೊಳಗೆ ಹೋಗಿದ್ದವು, ಅವರ ಕಾಲು ಇನ್ನೂ ಹೊರಗಿತ್ತು. ಲಿಫ್ಟು ಸರಿಯಿತು. ಈ ಸಲ ಬೆರಳಿನಷ್ಟಲ್ಲ, ಮೊಣಕಾಲುದ್ದ. ಗಾಡಿ ಮುಗ್ಗರಿಸಿ ಕೈಯಿಂದ ಕಿತ್ತುಕೊಂಡು ಹೋಯಿತು. ಅವರು ಹಿಂದಕ್ಕೆ ಬಿದ್ದರು. ಮಣಿಕಟ್ಟು ಉಳುಕಿತು, ಅಷ್ಟೇ. ಅವತ್ತೇ ಆ ಲಿಫ್ಟನ್ನೂ ನಿಲ್ಲಿಸಿದರು. ಮಂಡಿ ನೋವಿನ ಲೀಲಮ್ಮನವರು ಮೇಲೆಯೇ ಉಳಿದರು. ಡಾಕ್ಟರ ಹತ್ತಿರ ಹೋಗುವುದಕ್ಕೂ ಇಬ್ಬರು ಹಿಡಿದು ಇಳಿಸಬೇಕಾಯಿತು.

"ಆಚೆ ಕಡೆ ಬಿದ್ಲು," ಎಂದರು ಸದಾಶಿವ, ನನ್ನ ಮೇಜಿನ ಹತ್ತಿರ ಬಂದು. "ಒಳಗಡೆ ಬಿದ್ದಿದ್ರೆ ಅರ್ಧ ಒಳಗೆ ಅರ್ಧ ಹೊರಗೆ. ನಾನು ತಪ್ಪು ಹೆಸ್ರು ಹೇಳಿದ್ರೆ ಇನ್ನೊಂದ್ಸಲ ಹಂಗಾಗ್ತದೆ. ನಡಿ, ಗ್ವೆಲ್ಫ್‌ಗೆ ಹೋಗಿ ನೋಡ್ಕೊಂಡು ಬರಾಣ."

ಕಾರಿನಲ್ಲಿ ಹೊರಟೆವು. ೪೦೧ ಹೆದ್ದಾರಿಯ ಎರಡೂ ಬದಿಯ ಹೊಲಗಳಲ್ಲಿ ಮೆಕ್ಕೆಜೋಳ ಕೊಯ್ದು ಬರೀ ಕೂಳೆ ನಿಂತಿತ್ತು. ಗ್ವೆಲ್ಫ್‌ನ ಕಾರ್ಖಾನೆಯ ಅಂಗಳದಲ್ಲಿ ಇಳಿದಾಗ ಒಳಗಿನಿಂದ ಯಂತ್ರಗಳ ಸದ್ದು ಬರುತ್ತಿತ್ತು. ಸದಾಶಿವ ಅವರು ಕಾರಿನ ಬಾಗಿಲು ಹಿಡಿದುಕೊಂಡೇ ನಿಂತುಬಿಟ್ಟರು.

"ಕೇಳಿಸ್ತಾ?"

ಕಿವಿಗೊಟ್ಟೆ. ಎಲ್ಲ ಸದ್ದುಗಳ ಕೆಳಗೆ ಒಂದು ಸದ್ದು. ಒಂದು ಭಾರವಾದ ಪೆಟ್ಟು, ಸ್ವಲ್ಪ ತಡೆದು ಇನ್ನೊಂದು ಚಿಕ್ಕ ಪೆಟ್ಟು. ಕುಂಟುವವನೊಬ್ಬ ಮರದ ಮಹಡಿಯ ಮೇಲೆ ನಡೆದ ಹಾಗೆ.

"ಎಮೆರಿ ಕೆಲ್ಸ ಮಾಡ್ತಾವ್ನೆ," ಎಂದರು.

ಒಳಗೆ ಮೇಲ್ವಿಚಾರಕರು ಎಲ್ಲ ತೋರಿಸುತ್ತಾ ಬಂದರು. ಹಿಂದಿನ ಮೂಲೆಯಲ್ಲಿ, ಹೊಸದಾಗಿ ಹಸಿರು ಬಣ್ಣ ಬಳಿದ ಹಳೆಯ ಪ್ರೆಸ್ಸೊಂದಿತ್ತು. ಲೈನಿಂಗನ್ನು ಒತ್ತಿ ಅಂಟಿಸುವ ಯಂತ್ರ. ವಸಂತ ಕಾಲದಲ್ಲಿ ಹರಾಜಿನಲ್ಲಿ ಸಿಕ್ಕಿತು, ಯಾರೋ ಮುದುಕನದು, ಅವನು ತೀರಿಕೊಂಡಿದ್ದ ಎಂದರು. ಇದರಲ್ಲಿ ಬಂದಷ್ಟು ಒಳ್ಳೆಯ ಮಾಲು ನಮ್ಮ ಹೊಸ ಯಂತ್ರದಲ್ಲೂ ಬರುವುದಿಲ್ಲ ಎಂದರು. ನಮಗೆ ಕಳಿಸಿದ್ದ ಮಾದರಿಗಳೆಲ್ಲ ಅದರಲ್ಲೇ ಮಾಡಿದವು.

ಪ್ರೆಸ್ಸಿನ ಮುಂದೆ ಫಿಲಿಪೀನ್ಸಿನ ಒಬ್ಬ ಹೆಂಗಸು ಕೆಲಸ ಮಾಡುತ್ತಿದ್ದಳು. ಪ್ರೆಸ್ಸಿಗೆ ಮರದ ಹಿಡಿಕೆ. ವರ್ಷಗಟ್ಟಲೆ ಒಂದೇ ಕೈ ಹಿಡಿದು ಅದರಲ್ಲಿ ಹಳ್ಳಗಳು ಬಿದ್ದಿದ್ದವು. ಹೆಬ್ಬೆರಳಿಗೆ, ನಡುಬೆರಳಿಗೆ, ಉಂಗುರ ಬೆರಳಿಗೆ, ಕಿರುಬೆರಳಿಗೆ. ತೋರುಬೆರಳಿನ ಜಾಗ ಮಾತ್ರ ಉಬ್ಬಿಕೊಂಡೇ ಇತ್ತು. ಆ ಹೆಂಗಸು ಆ ಹಳ್ಳಗಳಲ್ಲೇ ತನ್ನ ಬೆರಳಿಟ್ಟು, ತೋರುಬೆರಳನ್ನು ಮೇಲಕ್ಕೆತ್ತಿಕೊಂಡು ಹಿಡಿಕೆ ಎಳೆಯುತ್ತಿದ್ದಳು.

ಬೆರಳಿಗೆ ಏನಾದರೂ ನೋವಾಗಿದೆಯೇ ಎಂದು ನಾನು ಇಂಗ್ಲಿಷಿನಲ್ಲಿ ಕೇಳಿದೆ. ಆಕೆ ತನ್ನ ಕೈಯನ್ನೇ ಮೊದಲ ಸಲ ಕಾಣುವವಳಂತೆ ನೋಡಿಕೊಂಡಳು. ಇಲ್ಲ, ಹೀಗೆ ಹಿಡಿಯುತ್ತೇನೆಂದು ಗೊತ್ತೇ ಇರಲಿಲ್ಲ ಎಂದಳು. ಮತ್ತೆ ಕೆಲಸಕ್ಕೆ ಹಿಡಿಕೆ ಹಿಡಿದಾಗ ಬೆರಳು ತಾನಾಗಿ ಮೇಲೆದ್ದಿತು.

ವಾಪಸು ಬರುವಾಗ ನಾನೇ ಮಾತು ತೆಗೆದೆ. "ಈಗ ಖಾತ್ರಿ ಆತ್ರಿ. ಎರಡು ಸಾಲು ಅಲ್ಲ, ಒಂದ. ಒಬ್ಬರನ್ನ ಎರಡು ಸಲ ಕೂಡಿಸಿದ್ವಿ. ಎಮೆರಿಯವರ ಸಾಲು ತೆಗದ್ರ ಗ್ವೆಲ್ಫ್ ಬರ್ತೈತಿ. ಅದ ಸರಿ."

"ಅವನ ಪಾಲನ್ನ ಅವನೇ ತಿಂತಿದ್ದ ಅಂತೀಯ."

"ಹೌದ್ರಿ."

"ಇಲ್ಲಾ ನನ್ನ ಆರಿಸ್ಬ್ಯಾಡ ಅಂತಿದ್ನೇನೋ." ರಸ್ತೆ ನೋಡುತ್ತಲೇ ಹೇಳಿದರು. "ಆಸ್ಪತ್ರೇಲಿದ್ದಾಗ ನಂಗೆ ಒಂದ್ಮಾತು ಹೇಳಿದ್ದ. ಪ್ರೆಸ್ಸನ್ನ ಗುಜರಿಗೆ ಹಾಕ್ಸು ಸದಾ, ಅದು ಇನ್ನೊಬ್ಬರ ಕೈ ಒಪ್ಪಲ್ಲ ಅಂತ. ಹೂಂ ಅಂದಿದ್ದೆ. ಅವನು ಹೋದ್ಮೇಲೆ ನಾನು ಹೋಗಿ ಕೇಳೋ ಅಷ್ಟರೊಳಗೆ ಹರಾಜಾಗೋಗಿತ್ತು."

"ಅಂಕಿ ಹಂಗ ಮಾತಾಡಂಗಿಲ್ರಿ."

"ನಿನ್ ಅಂಕಿ ವಿಚಾರ ಕೇಳ್ಲಿಲ್ಲ ಕಣಯ್ಯ. ಎಮೆರಿ ವಿಚಾರ ಹೇಳ್ದೆ."

 

ಆ ವಾರವೆಲ್ಲ ಅವರು ಎರಡೂ ಕಡೆಯ ಮಾದರಿಗಳನ್ನು ಹೊಸದಾಗಿ ತರಿಸಿ ಚಳಿಪೆಟ್ಟಿಗೆಯಲ್ಲಿಟ್ಟು ಪರೀಕ್ಷೆ ಮಾಡಿಸಿದರು. ಕ್ವಿಬೆಕ್‌ನದು ಚೆನ್ನಾಗಿತ್ತು. ಗ್ವೆಲ್ಫ್‌ನದು ಅದಕ್ಕಿಂತ ಚೆನ್ನಾಗಿ ಹಿಡಿಯಿತು. ಶುಕ್ರವಾರ ಊಟದ ಹೊತ್ತು ನನ್ನ ಪಕ್ಕ ಬಂದು ಕೂತು, ಕೋಷ್ಟಕ ತೆರೆ ಎಂದರು. ಮೌಸ್ ತಾವೇ ತೆಗೆದುಕೊಂಡು ಎಮೆರಿಯ ಸಾಲಿನ ಮೇಲೆ ತಂದು ನಿಲ್ಲಿಸಿದರು.

"ವರ್ಷ ತುಂಬಿಲ್ಲ. ತಪ್ಪು ತಿಳೀಬ್ಯಾಡ," ಎಂದರು. ನನಗೆ ಹೇಳಿದ್ದಲ್ಲ ಎಂದು ಗೊತ್ತಾಗಲು ಒಂದು ಕ್ಷಣ ಬೇಕಾಯಿತು. "ಅವಳು ಮೇಲೆ ಕೂತವ್ಳೆ, ಇಳಿಯಕ್ಕಾಗ್ತಿಲ್ಲ. ನಿನ್ನಷ್ಟು ಗಟ್ಟಿಯಾಗಿ ಹಿಡ್ಯೋರು ಇನ್ಯಾರೂ ಸಿಗ್ಲಿಲ್ಲ. ಎದ್ದೇಳು ಎಮೆರಿ, ಊಟ ಆಯ್ತು."

ಸಾಲು ಅಳಿಸಿದರು. ಗ್ವೆಲ್ಫ್ ಮೇಲೆ ಬಂತು. ಹರ್ಷವರ್ಧನ್ ಅವರಿಗೆ ಆ ಹೆಸರನ್ನೇ ಹೇಳಿದರು.

ನವೆಂಬರಿನಲ್ಲಿ ಹೊಸ ಬ್ರೇಕು ಕೂಡಿಸಿದ ದಿನ ನಾನೂ ಹೋಗಿದ್ದೆ. ಲಿಫ್ಟಿನೊಳಗೆ ಕಬ್ಬಿಣದ ತೂಕಗಳನ್ನು ಪೇರಿಸಿ, ಒಂಬತ್ತನೆಯ ಮಹಡಿಯಲ್ಲಿ ಬಾಗಿಲು ತೆರೆದು ನಿಲ್ಲಿಸಿದರು. ಸದಾಶಿವ ಅವರು ಓಣಿಯ ನೆಲದ ಮೇಲೆ ಕೂತು, ಹೊಸ್ತಿಲ ಗೆರೆಯನ್ನೇ ನೋಡುತ್ತಿದ್ದರು. ಓಣಿಯ ನೆಲವೂ ಲಿಫ್ಟಿನ ನೆಲವೂ ಒಂದೇ ಕಲ್ಲು ಹಾಸಿದಷ್ಟು ಸಮನಾಗಿ ನಿಂತಿದ್ದವು. ಎಷ್ಟು ಹೊತ್ತಾದರೂ ಕದಲಲಿಲ್ಲ. ಮೆಕಾನಿಕ್ಕು ಹೆಬ್ಬೆರಳು ಎತ್ತಿ ತೋರಿಸಿದ. ಸಂಜೆ ಲೀಲಮ್ಮನವರು ಕೈಗೆ ಬ್ಯಾಂಡೇಜು ಸುತ್ತಿಕೊಂಡೇ ಕೆಳಗಿಳಿದು, ಬಹಳ ದಿನಗಳ ಮೇಲೆ ಅಂಗಡಿ ಸಾಲಿನ ತನಕ ನಡೆದು, ಕೊತ್ತಂಬರಿ ಸೊಪ್ಪು ತಂದರು. ಅವರ ಮುಖ ನೋಡಿ ನನಗೆ ನಮ್ಮವ್ವನ ನೆನಪಾಯಿತು.

ಅವತ್ತಿನಿಂದ ಸದಾಶಿವ ಅವರು ಲಿಫ್ಟು ಹತ್ತುವುದನ್ನು ಬಿಟ್ಟರು.

ಮೊದಲು ವ್ಯಾಯಾಮಕ್ಕೆ ಅಂದರು. ಲೀಲಮ್ಮನವರು ಬೈದರು, ಹಂಗಿಸಿದರು. "ಅರವತ್ತಾದ್ಮೇಲೆ ಪೈಲ್ವಾನ್ರಾಗಕ್ಕೆ ಹೊಂಟವ್ರೆ ನೋಡು," ಎಂದು ನನ್ನ ಮುಂದೆ ನಕ್ಕರು. ಕೊನೆಗೆ ಸುಮ್ಮನಾದರು. ೨೦೧೯ರಲ್ಲಿ ಸದಾಶಿವ ಅವರು ನಿವೃತ್ತರಾದರು. ಆ ಬೇಸಿಗೆಯಲ್ಲಿ ನಾನು ಅವರ ಮನೆಗೆ ಹೋದಾಗ ಕೆಳಗಡೆಯೇ ಇಬ್ಬರೂ ಸಿಕ್ಕರು. ಲೀಲಮ್ಮನವರು ಲಿಫ್ಟಿನೊಳಗೆ ಹೋಗಿ ನನಗಾಗಿ ಬಾಗಿಲು ತಡೆದು ನಿಂತರು. ನಾನು ಸದಾಶಿವ ಅವರ ಕಡೆ ತಿರುಗಿದೆ.

"ಇನ್ನೂ ನಂಬಿಕಿ ಬಂದಿಲ್ಲೇನ್ರಿ? ಎರಡು ವರ್ಷ ಆಗಾಕ ಬಂತು. ಒಂದ ಕೂದಲಷ್ಟು ಸರದಿಲ್ಲ."

"ನಂಬಿಕೆ ಇರೋದ್ಕೇ ಕಣಯ್ಯ." ದನಿ ತಗ್ಗಿಸಿದರು, ಹೆಂಡತಿಗೆ ಕೇಳಿಸದಂತೆ. "ಮೇಲೆ ಬ್ರೇಕು ಹಿಡ್ಕಂಡು ನಿಂತಿರೋನು ಎಮೆರೀನೇ ಅಂತ ಗೊತ್ತು. ಅವಳಿಗೋಸ್ಕರ ಅಂತ ಕೇಳ್ದೆ, ಹಿಡ್ಕಂಡವ್ನೆ. ಸತ್ತೋನಿಗೆ ಬಿಡುವು ಕೊಡ್ದೆ ಅವಳ ಭಾರ ಹೊರ್ಸಿದ್ದೀನಿ. ನನ್ ಭಾರಾನೂ ಹೊರ್ಸಲಾ?"

ನೆಲದ ಮೇಲಿಟ್ಟಿದ್ದ ಅಕ್ಕಿ ಚೀಲವನ್ನು ಎತ್ತಿ ಹೆಗಲಿಗೇರಿಸಿಕೊಂಡು, ಮೆಟ್ಟಿಲ ಬಾಗಿಲನ್ನು ಮೊಣಕೈಯಿಂದ ತಳ್ಳಿಕೊಂಡು ಒಳಗೆ ಹೋದರು. ನಾನು ಲಿಫ್ಟಿನೊಳಗೆ ಲೀಲಮ್ಮನವರ ಪಕ್ಕ ನಿಂತೆ. ಮೇಲೆ ಹೋಗುವಾಗ ಅವರು ಮನೆಯ ಕ್ಷೇಮ ಕೇಳುತ್ತಿದ್ದರು. ನಾನು ಉತ್ತರ ಹೇಳುತ್ತಿದ್ದೆ, ಆದರೆ ಉಸಿರು ಬಿಗಿಹಿಡಿದು ಆದಷ್ಟು ಹಗುರವಾಗಿ ನಿಲ್ಲಲು ನೋಡುತ್ತಿದ್ದೆ.